ನೀರಿನೊಳಗೆ ನಿಲ್ಲಲು ಬಂದವರಿಗೆ ಚಿತ್ರವೂ ಬರುತ್ತದೆ

ಪ್ರಶ್ನೆ: ಕಳೆದ ವರ್ಷ ಓಪನ್ ವಾಟರ್ ಡೈವರ್ ಎಂಬ, ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವ ಸ್ಕೂಬಾದ ಮೊದಲ ಹಂತದ ತರಬೇತಿ ಮುಗಿಸಿದೆ. ಈವರೆಗೆ ಹನ್ನೆರಡು ಡೈವ್ ಆಗಿವೆ. ಜನವರಿಯಲ್ಲಿ ಹೆಂಡತಿಯೊಡನೆ ಒಂದು ವಾರ ಮಾಲ್ಡೀವ್ಸ್‌ಗೆ ಹೋಗುತ್ತಿದ್ದೇನೆ. ಆಕ್ಷನ್ ಕ್ಯಾಮೆರಾದಲ್ಲಿ ಇದುವರೆಗೆ ತೆಗೆದ ಚಿತ್ರಗಳೆಲ್ಲ ನೀಲಿಯಾಗಿ, ಮಸುಕಾಗಿ ಬಂದಿವೆ. ಟಾರ್ಚ್ ಹಿಡಿದು ತೆಗೆದವುಗಳಲ್ಲಿ ಹಿಟ್ಟು ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳು. ನನ್ನಲ್ಲಿರುವ ಮಿರರ್‌ಲೆಸ್ ಕ್ಯಾಮೆರಾಕ್ಕೆ ಹೌಸಿಂಗ್ (ನೀರು ನುಗ್ಗದ ಕವಚ) ಮತ್ತು ಎರಡು ಫ್ಲ್ಯಾಷ್ ಕೊಂಡರೆ ಇದೆಲ್ಲ ಸರಿಹೋಗುತ್ತದೆಯೇ? ಮಾಂಟಾ ಎಂಬ ದೊಡ್ಡ ತೊರಕೆ ಮೀನು ಮತ್ತು ತಿಮಿಂಗಿಲ ಶಾರ್ಕ್‌ಗಳ ಚಿತ್ರ ತೆಗೆಯಬೇಕೆಂಬ ಆಸೆ ಬಹಳವಿದೆ. ಹೇಗೆ ಸಿದ್ಧನಾಗಲಿ?

ಉತ್ತರ: ಹಣದ ಮಾತನ್ನು ಮೊದಲು ಮುಗಿಸೋಣ. ಈ ಪ್ರವಾಸಕ್ಕಾಗಿ ಹೌಸಿಂಗನ್ನೂ ಎರಡು ಫ್ಲ್ಯಾಷ್‌ಗಳನ್ನೂ ಕೊಳ್ಳಬೇಡಿ. ಅವು ಕೆಟ್ಟ ಸಾಧನಗಳೆಂದು ಹೀಗೆ ಹೇಳುತ್ತಿಲ್ಲ. ನಾನು ವರ್ಷಗಳಿಂದ ಬಳಸುತ್ತಿರುವುದು ಅವನ್ನೇ. ಆದರೆ ಹನ್ನೆರಡು ಡೈವ್ ಮಾಡಿದವರ ಮನಸ್ಸಿಗೆ ಆಳ, ಗಾಳಿ, ಸಮಯ, ಜೊತೆಗಾರ ಈ ನಾಲ್ಕನ್ನು ನೋಡಿಕೊಳ್ಳುವುದೇ ಪೂರ್ತಿ ಕೆಲಸ. ಅದರ ಮೇಲೆ ಎರಡು ತೋಳು ಚಾಚಿದ ಯಂತ್ರವನ್ನು ಹೇರಿದರೆ ನಾಲ್ಕರಲ್ಲಿ ಒಂದು ಜಾರುತ್ತದೆ. ಅದು ಜಾರಿದ್ದು ಗೊತ್ತಾಗುವ ಹೊತ್ತಿಗೆ ಕೆಲವೊಮ್ಮೆ ತಡವಾಗಿರುತ್ತದೆ.

ನೀವು ಹೇಳಿದ ಮೂರು ದೋಷಗಳು ನೀಲಿ, ಮಸುಕು ಮತ್ತು ಬಿಳಿ ಚುಕ್ಕೆ. ಮೂರಕ್ಕೂ ಮೂಲ ಒಂದೇ. ನಿಮಗೂ ಮೀನಿಗೂ ನಡುವೆ ನೀರು ಹೆಚ್ಚಾಗಿದೆ. ಆ ನೀರನ್ನು ಕಡಿಮೆ ಮಾಡಬೇಕಾದರೆ ಹತ್ತಿರ ಹೋಗಬೇಕು. ಹವಳವನ್ನು ಒದೆಯದೆ, ಮೀನನ್ನು ಹೆದರಿಸದೆ ಹತ್ತಿರ ಹೋಗಬೇಕಾದರೆ ನೀರಿನಲ್ಲಿ ಅಲುಗದೆ ನಿಲ್ಲಲು ಬರಬೇಕು. ನಿಮಗೆ ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ. ಇನ್ನು ಅದು ಹೇಗೆ, ಏಕೆ ಎಂಬುದನ್ನು ಬಿಡಿಸಿ ಬರೆಯುತ್ತೇನೆ.

ನೀರು ಬೆಳಕನ್ನು ಕುಡಿಯುತ್ತದೆ, ಅದೂ ಬಣ್ಣ ಆರಿಸಿ ಕುಡಿಯುತ್ತದೆ. ಮೊದಲು ಕೆಂಪು, ಆಮೇಲೆ ಕಿತ್ತಳೆ, ಆಮೇಲೆ ಹಳದಿ. ಐದಾರು ಮೀಟರ್ ಇಳಿಯುವಷ್ಟರಲ್ಲಿ ಕೆಂಪಿನ ಹೆಚ್ಚಿನ ಪಾಲು ಕಳೆದುಹೋಗಿರುತ್ತದೆ. 20 ಮೀಟರ್ ಆಳದಲ್ಲಿ ಬೆರಳು ತರಚಿದರೆ ಜಿನುಗುವ ರಕ್ತ ಹಸಿರುಗಪ್ಪಾಗಿ ಕಾಣುತ್ತದೆ. ಮೊದಲ ಸಲ ಅದನ್ನು ನೋಡಿದಾಗ ನಾನು ಗಾಬರಿಗೊಂಡಿದ್ದೆ. ನಮ್ಮ ಮಿದುಳು ಈ ಕೊರತೆಯನ್ನು ತಕ್ಕಮಟ್ಟಿಗೆ ತುಂಬಿಕೊಳ್ಳುವುದರಿಂದ ಡೈವ್ ಮಾಡುವಾಗ ಹವಳದ ದಿಬ್ಬ ನಮಗೆ ಅಷ್ಟೊಂದು ನೀಲಿಯಾಗಿ ತೋರುವುದಿಲ್ಲ. ಕ್ಯಾಮೆರಾಕ್ಕೆ ಆ ದಾಕ್ಷಿಣ್ಯವಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹಿಡಿಯುತ್ತದೆ.

ಇಲ್ಲಿ ಬಹಳ ಜನ ತಪ್ಪು ತಿಳಿಯುವ ಒಂದು ಅಂಶವಿದೆ. ಬಣ್ಣ ಕಳೆಯುವುದು ಆಳದಿಂದ ಮಾತ್ರ ಎಂದು ಅವರು ಭಾವಿಸುತ್ತಾರೆ. ಬೆಳಕು ನೀರಿನಲ್ಲಿ ನಡೆದ ಒಟ್ಟು ದಾರಿಯನ್ನು ಲೆಕ್ಕ ಹಾಕಬೇಕು. 12 ಮೀಟರ್ ಆಳದಲ್ಲಿರುವ ಮೀನನ್ನು ನೀವು 3 ಮೀಟರ್ ದೂರದಿಂದ ತೆಗೆದರೆ ಬಿಸಿಲು 12 ಮೀಟರ್ ಕೆಳಗಿಳಿದು, ಮೀನಿಗೆ ತಾಗಿ, ಮತ್ತೆ 3 ಮೀಟರ್ ದಾಟಿ ನಿಮ್ಮ ಲೆನ್ಸ್ ಸೇರುತ್ತದೆ. ಅಂದರೆ 15 ಮೀಟರ್ ನೀರಿನ ದಾರಿ. ಅದೇ ಮೀನನ್ನು ಅರ್ಧ ಮೀಟರ್ ದೂರದಿಂದ ಫ್ಲ್ಯಾಷ್ ಹಾಕಿ ತೆಗೆದರೆ ಹೋಗಲು ಅರ್ಧ, ಬರಲು ಅರ್ಧ, ಒಟ್ಟು ಒಂದೇ ಮೀಟರ್. ಕೆಂಪು ಕೆಂಪಾಗಿಯೇ ಉಳಿಯುತ್ತದೆ. ಇದೇ ಲೆಕ್ಕದ ಪ್ರಕಾರ ನಾಲ್ಕು ಮೀಟರ್ ದೂರದ ಮಾಂಟಾಕ್ಕೆ ಫ್ಲ್ಯಾಷ್ ಹಾಕುವುದು ವ್ಯರ್ಥ. ಬೆಳಕು ಎಂಟು ಮೀಟರ್ ನಡೆಯುವಷ್ಟರಲ್ಲಿ ಬಣ್ಣವೂ ಬಲವೂ ಇಲ್ಲದಂತಾಗುತ್ತದೆ, ದಾರಿಯಲ್ಲಿ ಸಿಕ್ಕ ಕಣಗಳನ್ನೆಲ್ಲ ಬೆಳಗಿಸುತ್ತದೆ. ನಿಮ್ಮ ಟಾರ್ಚ್ ಮಾಡಿದ್ದೂ ಅದನ್ನೇ. ಟಾರ್ಚನ್ನು ಕ್ಯಾಮೆರಾದ ಪಕ್ಕಕ್ಕೇ ಹಿಡಿದಿದ್ದೀರಿ, ಮೀನು ದೂರವಿತ್ತು, ನಡುವಿನ ನೀರಿನ ದೂಳೆಲ್ಲ ಹೊಳೆಯಿತು.

ಈ ಸತ್ಯವನ್ನು ನಮ್ಮ ಹಿಂದಿನವರು ಎಂಥ ಕಷ್ಟಪಟ್ಟು ಕಂಡುಕೊಂಡರೆಂಬುದನ್ನು ನೆನೆದರೆ ನನಗೆ ಗೌರವ ಮೂಡುತ್ತದೆ. ಫ್ರಾನ್ಸಿನ ಲೂಯಿ ಬೂತಾಂ 1893ರಲ್ಲೇ ಸಮುದ್ರದೊಳಗೆ ಚಿತ್ರ ತೆಗೆಯತೊಡಗಿದ್ದರು. ಆದರೆ ನೀರೊಳಗಿನ ಮೊದಲ ಬಣ್ಣದ ಚಿತ್ರ ಬಂದದ್ದು 1926ರಲ್ಲಿ. ಅಮೆರಿಕದ ಫ್ಲೋರಿಡಾದಾಚೆಯ ಡ್ರೈ ಟಾರ್ಟುಗಸ್ ದ್ವೀಪಗಳ ಬಳಿ ವಿಲಿಯಂ ಲಾಂಗ್ಲಿ ಮತ್ತು ಚಾರ್ಲ್ಸ್ ಮಾರ್ಟಿನ್ ಒಂದು ಹಾಗ್‌ಫಿಷ್‌ನ ಚಿತ್ರ ತೆಗೆದರು. ಬೆಳಕಿಗಾಗಿ ಅವರು ನೀರಿನ ಮೇಲೆ ತೆಪ್ಪ ತೇಲಿಸಿ, ಅದರ ಮೇಲೆ ಮೆಗ್ನೀಸಿಯಂ ಪುಡಿಯನ್ನು ಸಿಡಿಸಿದ್ದರು. ಒಂದು ಮೀನಿನ ಬಣ್ಣಕ್ಕಾಗಿ ಸಮುದ್ರದ ಮೇಲೆ ಸ್ಫೋಟ! ಇಂದು ಅಂಗೈಯಗಲದ ಫ್ಲ್ಯಾಷ್ ಆ ಕೆಲಸ ಮಾಡುತ್ತದೆ. ಹತ್ತಿರ ಹೋಗಬೇಕಾದ ಕೆಲಸ ಮಾತ್ರ ನಮ್ಮ ಪಾಲಿಗೇ ಉಳಿದಿದೆ.

ಹತ್ತಿರ ಎಂಬುದರಲ್ಲೂ ನೀರು ನಮ್ಮನ್ನು ಮೋಸಗೊಳಿಸುತ್ತದೆ. ಮುಖವಾಡದ ಗಾಜಿನ ಹಿಂದೆ ಗಾಳಿಯಿದೆ, ಮುಂದೆ ನೀರಿದೆ. ಬೆಳಕು ಅಲ್ಲಿ ಬಾಗುವುದರಿಂದ ವಸ್ತುಗಳು ಇರುವ ದೂರದ ಮುಕ್ಕಾಲು ಭಾಗದಲ್ಲಿ ಇದ್ದಂತೆ, ಮೂರನೇ ಒಂದು ಪಾಲು ದೊಡ್ಡದಾಗಿ ಇದ್ದಂತೆ ಕಾಣುತ್ತವೆ. ನಾಲ್ಕು ಮೀಟರ್ ದೂರದ ಆಮೆ ಮೂರು ಮೀಟರ್‌ನಲ್ಲಿ ಇದ್ದಂತೆ ತೋರುತ್ತದೆ. ಆದ್ದರಿಂದ ಸಾಕಷ್ಟು ಹತ್ತಿರವಿದ್ದೇನೆ ಎಂದು ಅನ್ನಿಸಿದಾಗ ನೀವು ಇನ್ನೂ ದೂರದಲ್ಲಿಯೇ ಇರುತ್ತೀರಿ. ಜೂಮ್ ಮಾಡಿ ಈ ದೂರವನ್ನು ತುಂಬಲು ಹೋಗಬೇಡಿ. ಜೂಮ್ ಚಿತ್ರವನ್ನು ಹಿಗ್ಗಿಸುತ್ತದೆ, ನಡುವಿನ ನೀರನ್ನು ತೆಗೆಯುವುದಿಲ್ಲ. ಅಗಲ ನೋಟದ ಲೆನ್ಸ್ ಹಾಕಿಕೊಂಡು ಹತ್ತಿರ ಹೋಗುವುದೇ ದಾರಿ. ಆ ಮಟ್ಟಿಗೆ ನಿಮ್ಮ ಆಕ್ಷನ್ ಕ್ಯಾಮೆರಾದ ಅಗಲ ನೋಟ ಒಳ್ಳೆಯ ಗೆಳೆಯನೇ.

ಈಗ ನಿಲ್ಲುವ ವಿಷಯ. ಇದರ ಬಗ್ಗೆ ಎಷ್ಟು ಬರೆದರೂ ನನಗೆ ಸಾಲದು.

ಹೊಸ ಡೈವರ್‌ಗಳಲ್ಲಿ ಬಹುತೇಕರು ಬೇಕಾದ್ದಕ್ಕಿಂತ ಹೆಚ್ಚು ಸೀಸದ ತೂಕ ಕಟ್ಟಿಕೊಂಡಿರುತ್ತಾರೆ. ತರಬೇತಿಯಲ್ಲಿ ಬೇಗ ಮುಳುಗಲೆಂದು ಕೊಟ್ಟ ತೂಕವೇ ಅಭ್ಯಾಸವಾಗಿಬಿಡುತ್ತದೆ. ಹೆಚ್ಚಾದ ತೂಕವನ್ನು ಸರಿತೂಗಿಸಲು ಜಾಕೆಟ್‌ಗೆ ಹೆಚ್ಚು ಗಾಳಿ ತುಂಬಬೇಕು. ಆ ಗಾಳಿ ಒಂದು ಮೀಟರ್ ಮೇಲೆ ಹೋದರೆ ಹಿಗ್ಗುತ್ತದೆ, ಒಂದು ಮೀಟರ್ ಕೆಳಗೆ ಹೋದರೆ ಕುಗ್ಗುತ್ತದೆ. ಹೀಗೆ ಡೈವ್ ಪೂರ್ತಿ ಏರಿಳಿತವೇ. ಮೊದಲ ದಿನವೇ ತೂಕ ಪರೀಕ್ಷೆ ಮಾಡಿಸಿಕೊಳ್ಳಿ. ಜಾಕೆಟ್‌ನ ಗಾಳಿಯನ್ನೆಲ್ಲ ಬಿಟ್ಟು, ಸಾಮಾನ್ಯ ಉಸಿರು ತೆಗೆದುಕೊಂಡು ನಿಂತರೆ ನೀರು ಕಣ್ಣಿನ ಮಟ್ಟದಲ್ಲಿರಬೇಕು, ಉಸಿರು ಬಿಟ್ಟರೆ ಮೆಲ್ಲಗೆ ಮುಳುಗಬೇಕು. ಇನ್ನೊಂದು ಅಂಶವನ್ನೂ ನೆನಪಿಡಿ. ಗಾಳಿಗೂ ತೂಕವಿದೆ. 12 ಲೀಟರ್ ಸಿಲಿಂಡರ್ (ಒಳಗಿನ ಒತ್ತಡವನ್ನು ಬಾರ್ ಎಂಬ ಮಾನದಲ್ಲಿ ಅಳೆಯುತ್ತಾರೆ) 200 ಬಾರ್‌ನಿಂದ 50 ಬಾರ್‌ಗೆ ಇಳಿಯುವಷ್ಟರಲ್ಲಿ ಸುಮಾರು ಎರಡು ಕಿಲೋ ಹಗುರಾಗಿರುತ್ತದೆ. ಆದ್ದರಿಂದ ನಿಜವಾದ ಪರೀಕ್ಷೆ ಡೈವ್‌ನ ಕೊನೆಯಲ್ಲಿ. 50 ಬಾರ್ ಉಳಿದಿರುವಾಗ 5 ಮೀಟರ್ ಆಳದಲ್ಲಿ ಮೂರು ನಿಮಿಷ ಯಾವುದನ್ನೂ ಹಿಡಿದುಕೊಳ್ಳದೆ ನಿಲ್ಲಲು ಸಾಧ್ಯವಾದರೆ ನಿಮ್ಮ ತೂಕ ಸರಿಯಾಗಿದೆ.

ಉಳಿದದ್ದು ಉಸಿರಿನ ಕೆಲಸ. ಶ್ವಾಸ ತುಂಬಿದರೆ ದೇಹ ಏರುತ್ತದೆ, ಬಿಟ್ಟರೆ ಇಳಿಯುತ್ತದೆ, ಎರಡೂ ಕ್ಷಣಕಾಲ ತಡವಾಗಿ. ಆ ತಡವನ್ನು ಮೈ ಕಲಿಯಬೇಕು. ನೆಲದ ಮೇಲೆ ಚಿತ್ರ ತೆಗೆಯುವವರಿಗೆ ಗುಂಡಿ ಒತ್ತುವಾಗ ಉಸಿರು ಬಿಗಿ ಹಿಡಿಯುವ ಅಭ್ಯಾಸವಿರುತ್ತದೆ. ಆ ಅಭ್ಯಾಸವನ್ನು ದಯವಿಟ್ಟು ದಡದಲ್ಲಿಯೇ ಬಿಟ್ಟು ಬನ್ನಿ. ಸ್ಕೂಬಾದ ಮೊದಲ ನಿಯಮವೇ ಉಸಿರು ಹಿಡಿಯಬಾರದು ಎಂಬುದು. ಹಿಡಿದ ಉಸಿರಿನೊಡನೆ ಮೇಲೇರಿದರೆ ಶ್ವಾಸಕೋಶದೊಳಗಿನ ಗಾಳಿ ಹಿಗ್ಗಿ ಅಂಗಾಂಶವನ್ನೇ ಹರಿಯಬಹುದು. ಇದಕ್ಕೆ ಹೆಚ್ಚು ಆಳವೂ ಬೇಕಿಲ್ಲ. ನಿಧಾನವಾಗಿ ಉಸಿರು ಬಿಡುತ್ತಾ, ಅದರ ಕೊನೆಯ ಭಾಗದಲ್ಲಿ ಗುಂಡಿ ಒತ್ತುವುದನ್ನು ರೂಢಿಸಿಕೊಳ್ಳಿ.

ಕಾಲಿನ ವಿಷಯವೂ ಇದೆ. ಮೇಲೆ ಕೆಳಗೆ ಬಡಿಯುವ ಒದೆತ ಮರಳನ್ನು ಎಬ್ಬಿಸುತ್ತದೆ. ಕಪ್ಪೆಯ ಹಾಗೆ ಮಂಡಿ ಮಡಚಿ, ಪಾದವನ್ನು ಪಕ್ಕಕ್ಕೆ ತಳ್ಳುವ ಒದೆತವನ್ನು ಕಲಿಯಿರಿ. ಎಬ್ಬಿಸಿದ ಮರಳು ನಿಮ್ಮ ಚಿತ್ರವನ್ನೂ ಹಿಂದೆ ಬರುವವರ ಚಿತ್ರವನ್ನೂ ಕೆಡಿಸುತ್ತದೆ. ಹವಳದ ಮೇಲೆ ಬಿದ್ದರೆ ಅದನ್ನು ಸರಿಸಲು ಆ ಜೀವಿಗಳು ಶಕ್ತಿ ವ್ಯಯಿಸಬೇಕಾಗುತ್ತದೆ.

ನನ್ನ ಇಪ್ಪತ್ತನೆಯದೋ ಇಪ್ಪತ್ತೊಂದನೆಯದೋ ಡೈವ್‌ನಲ್ಲಿ ನಡೆದದ್ದನ್ನು ಹೇಳಬೇಕು. ಹೊಸ ಕ್ಯಾಮೆರಾ ಹಿಡಿದು ಹವಳದ ಗೋಡೆಯ ಪಕ್ಕ ಒಂದು ಹದ್ದು ತೊರಕೆಯನ್ನು ಹಿಂಬಾಲಿಸಿದೆ. ಅದು ಆರಾಮವಾಗಿ ಗೋಡೆಯ ಇಳಿಜಾರಿನಲ್ಲಿ ಕೆಳಗಿಳಿಯುತ್ತಿತ್ತು, ನಾನೂ ಇಳಿದೆ. ಕಣ್ಣು ಪರದೆಯ ಮೇಲಿತ್ತು. ಡೈವ್ ಕಂಪ್ಯೂಟರ್ ಕೂಗಿಕೊಂಡಾಗ ನೋಡಿದರೆ 29 ಮೀಟರ್, ಸಿಲಿಂಡರ್‌ನಲ್ಲಿ 60 ಬಾರ್, ಜೊತೆಗಾರ ಎಲ್ಲೂ ಇಲ್ಲ. ಮೇಲಿನಿಂದ ನಮ್ಮ ಮಾರ್ಗದರ್ಶಿ ಇಳಿದು ಬಂದು ಕೈ ಹಿಡಿದು ಕರೆದೊಯ್ದರು. ದೋಣಿಯಲ್ಲಿ ಅವರು ಬೈಯಲಿಲ್ಲ. ಚಿತ್ರ ಹೇಗೆ ಬಂದಿದೆ ತೋರಿಸಿ ಎಂದರು. ನೀಲಿಯ ನಡುವೆ ಒಂದು ಬೂದು ನೆರಳು, ಅಷ್ಟೇ. ಅಂದಿನಿಂದ ನನ್ನದೊಂದು ನಿಯಮ: ಪ್ರತಿ ಮೂರು ನಾಲ್ಕು ಚಿತ್ರಕ್ಕೊಮ್ಮೆ ಕ್ಯಾಮೆರಾ ಇಳಿಸಿ, ಗಾಳಿ, ಆಳ, ಜೊತೆಗಾರ, ಈ ಕ್ರಮದಲ್ಲಿ ನೋಡಿಕೊಳ್ಳುವುದು. ನೀವೂ ಇದನ್ನು ಮೊದಲ ದಿನದಿಂದಲೇ ಪಾಲಿಸಿ ಎಂದು ಬೇಡಿಕೊಳ್ಳುತ್ತೇನೆ. ನಿಮ್ಮ ಪ್ರಮಾಣಪತ್ರದ ಮಿತಿ 18 ಮೀಟರ್. ಮಾಲ್ಡೀವ್ಸ್‌ನ ಕಾನೂನು ಮನರಂಜನಾ ಡೈವರ್‌ಗಳಿಗೆ 30 ಮೀಟರ್ ಮೀರಲು ಬಿಡುವುದಿಲ್ಲ. ಮೀನಿಗೆ ಈ ಯಾವ ಮಿತಿಯೂ ಗೊತ್ತಿಲ್ಲ.

ಹಾಗಾದರೆ ಯಾವ ಕ್ಯಾಮೆರಾ ಒಯ್ಯಬೇಕು? ಇರುವ ಆಕ್ಷನ್ ಕ್ಯಾಮೆರಾ ಸಾಕು. ಗೋಪ್ರೋ ಮಾದರಿಯವು ಬರಿಮೈಯಲ್ಲಿ ಸಾಮಾನ್ಯವಾಗಿ 10 ಮೀಟರ್‌ವರೆಗೆ ಮಾತ್ರ ತಾಳುತ್ತವೆ. ಡೈವ್‌ಗೆ ಅದರದೇ ಕವಚ ಬೇಕು. ಅದಕ್ಕೊಂದು ಕೆಂಪು ಫಿಲ್ಟರ್ ಸೇರಿಸಿ. ತಿಳಿನೀರಿನಲ್ಲಿ, ಬಿಸಿಲಿರುವಾಗ, ಹೆಚ್ಚುಕಡಿಮೆ 4ರಿಂದ 15 ಮೀಟರ್ ಆಳದವರೆಗೆ ಅದು ನೀಲಿಯನ್ನು ತಡೆದು ಉಳಿದ ಬಣ್ಣಗಳಿಗೆ ಜಾಗ ಕೊಡುತ್ತದೆ. ಇಲ್ಲದ ಕೆಂಪನ್ನು ಅದು ಸೃಷ್ಟಿಸಲಾರದು, ಅಳಿದುಳಿದದ್ದನ್ನು ಎದ್ದು ಕಾಣಿಸುತ್ತದೆ. ಟಾರ್ಚ್ ಅಥವಾ ಫ್ಲ್ಯಾಷ್ ಬಳಸುವಾಗ ಫಿಲ್ಟರನ್ನು ತೆಗೆದುಬಿಡಿ, ಇಲ್ಲವಾದರೆ ಎಲ್ಲವೂ ಕುಂಕುಮ ಕಲಸಿದಂತಾಗುತ್ತದೆ.

ಸ್ವಲ್ಪ ಖರ್ಚು ಮಾಡಲೇಬೇಕೆಂದರೆ ಒಲಿಂಪಸ್ (ಈಗ ಓಎಂ ಸಿಸ್ಟಮ್) ಟಿಜಿ ಸಾಲಿನಂಥ ಸಣ್ಣ ಕ್ಯಾಮೆರಾ, ಅದರ ಹೌಸಿಂಗ್ ಮತ್ತು ಒಂದೇ ಒಂದು ಫ್ಲ್ಯಾಷ್ ಕೊಳ್ಳಿ. ಆ ಕ್ಯಾಮೆರಾಗಳು ಕವಚವಿಲ್ಲದೆ 15 ಮೀಟರ್‌ವರೆಗೆ ತಾಳುತ್ತವೆಂದು ಕಂಪನಿ ಹೇಳುತ್ತದೆ. ಆದರೆ ನೀವು 18ಕ್ಕೆ ಇಳಿಯಬಹುದಾದವರು, ಆದ್ದರಿಂದ ಹೌಸಿಂಗ್ ಬೇಕೇ ಬೇಕು. ಬೆರಳಗಲದ ಜೀವಿಗಳನ್ನು ಲೆನ್ಸಿಗೆ ತಾಗುವಷ್ಟು ಹತ್ತಿರದಿಂದ ತೆಗೆಯುವುದರಲ್ಲಿ ಅವು ದೊಡ್ಡ ಕ್ಯಾಮೆರಾಗಳನ್ನೂ ನಾಚಿಸುತ್ತವೆ. ಫ್ಲ್ಯಾಷನ್ನು ಕ್ಯಾಮೆರಾದಿಂದ ಆದಷ್ಟು ಪಕ್ಕಕ್ಕೆ ಚಾಚಿ, ಲೆನ್ಸಿಗಿಂತ ಸ್ವಲ್ಪ ಹಿಂದಕ್ಕೆ ಇಟ್ಟು, ಮುಖವನ್ನು ತುಸು ಹೊರಕ್ಕೆ ತಿರುಗಿಸಿ. ಬೆಳಕಿನ ಕೋನದ ಅಂಚು ಮೀನಿಗೆ ತಾಗಬೇಕು, ಲೆನ್ಸಿಗೂ ಮೀನಿಗೂ ನಡುವಿನ ನೀರು ಕತ್ತಲೆಯಲ್ಲೇ ಇರಬೇಕು. ಬಿಳಿ ಚುಕ್ಕೆಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ಚಿತ್ರಗಳನ್ನು ರಾ ಕಡತವಾಗಿ, ಅಂದರೆ ಕ್ಯಾಮೆರಾ ತಿದ್ದದ ಮೂಲ ರೂಪದಲ್ಲಿ, ಉಳಿಸಿಕೊಳ್ಳಿ. ಫ್ಲ್ಯಾಷ್ ಇಲ್ಲದೆ ತೆಗೆಯುವಾಗ, ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ವೈಟ್ ಬ್ಯಾಲೆನ್ಸನ್ನು ಬಿಳಿ ಫಲಕದ ಮೇಲೋ ಮರಳಿನ ಮೇಲೋ ಕೈಯಾರೆ ಹೊಂದಿಸಿ. ಮೂರು ನಾಲ್ಕು ಮೀಟರ್ ಆಳ ಬದಲಾದಾಗಲೆಲ್ಲ ಮತ್ತೆ ಹೊಂದಿಸಬೇಕು. ಸೂರ್ಯ ನಿಮ್ಮ ಬೆನ್ನಿಗಿರಲಿ. ಮತ್ತೊಂದು, ಮೇಲಿನಿಂದ ಕೆಳಗೆ ನೋಡುತ್ತಾ ತೆಗೆಯಬೇಡಿ. ಹವಳದ ಹಿನ್ನೆಲೆಯಲ್ಲಿ ಮೀನು ಕಳೆದುಹೋಗುತ್ತದೆ. ಮೀನಿನ ಮಟ್ಟಕ್ಕೆ ಇಳಿದು, ತುಸು ಮೇಲ್ಮುಖವಾಗಿ ತೆಗೆದರೆ ಹಿಂದೆ ನೀಲಿ ನೀರಿರುತ್ತದೆ, ಮೀನು ಎದ್ದು ನಿಲ್ಲುತ್ತದೆ.

ಇನ್ನು ನೀವು ಹೋಗುವ ಜಾಗ. ಉಂಗುರದ ಹಾಗೆ ಸುತ್ತುವರಿದ ಹವಳದ ದ್ವೀಪಸಾಲಿಗೆ ಹೇಳುವ ಅಟಾಲ್ ಎಂಬ ಪದವನ್ನು ಜಗತ್ತಿಗೆ ಕೊಟ್ಟದ್ದೇ ಮಾಲ್ಡೀವ್ಸ್‌ನ ದಿವೇಹಿ ಭಾಷೆ. ಅಲ್ಲಿಯವರು ಅದನ್ನು ಅತೊಳು ಎನ್ನುತ್ತಾರೆ. ನಿಮ್ಮನ್ನು ಡೈವ್‌ಗೆ ಕರೆದೊಯ್ಯುವ ಹಡಗನ್ನು ಅವರು ದೋನಿ ಎಂದು ಕರೆಯುವುದನ್ನು ಕೇಳಿದಾಗ ನಿಮಗೂ ನನ್ನ ಹಾಗೆ ಮನಸ್ಸು ಹಗುರಾಗುತ್ತದೆ. ಎರಡು ಪದಗಳನ್ನು ಕಲಿತು ಹೋಗಿ. ತಿಲಾ ಎಂದರೆ ನೀರಿನೊಳಗೇ ನಿಲ್ಲುವ ಹವಳದ ಗುಡ್ಡ, ಅದರ ನೆತ್ತಿ ಮೇಲ್ಮೈಯಿಂದ ಕೆಲವು ಮೀಟರ್ ಕೆಳಗಿರುತ್ತದೆ. ಕಂಡು ಎಂದರೆ ಅಟಾಲ್‌ನ ಅಂಚನ್ನು ಸೀಳಿ ಸಮುದ್ರಕ್ಕೆ ತೆರೆದುಕೊಳ್ಳುವ ಕಾಲುವೆ. ಅಟಾಲ್‌ನೊಳಗಿನ ನೀರೂ ಹೊರಗಿನ ಸಾಗರವೂ ಈ ಕಂಡುಗಳ ಮೂಲಕವೇ ಓಡಾಡುವುದರಿಂದ ಅಲ್ಲಿ ಸೆಳೆತ ಜೋರು. ಶಾರ್ಕ್‌ಗಳು, ದೊಡ್ಡ ಮೀನಿನ ಹಿಂಡುಗಳು ಆ ಸೆಳೆತಕ್ಕೆ ಮುಖವೊಡ್ಡಿ ನಿಲ್ಲುತ್ತವೆ. ನೋಡಲು ಅದ್ಭುತ, ಆದರೆ ನಿಮಗೆ ಈಗ ಬೇಡ. ಸೆಳೆತದಲ್ಲಿ ಕ್ಯಾಮೆರಾ ಹಿಡಿದು ಈಜಿದರೆ ಗಾಳಿ ಕರಗುವ ವೇಗ ನೋಡಿ ಬೆಚ್ಚಿಬೀಳುತ್ತೀರಿ. ಸೆಳೆತ ಕಡಿಮೆಯಿರುವ ತಿಲಾಗಳಿಗೂ ದ್ವೀಪದ ಸುತ್ತಲಿನ ದಿಬ್ಬಕ್ಕೂ ಕರೆದೊಯ್ಯಿರೆಂದು ಮುಂಚಿತವಾಗಿ ಕೇಳಿ. ಮಾಡಿರುವ ಡೈವ್‌ಗಳ ಸಂಖ್ಯೆಯನ್ನು ಹೆಚ್ಚಿಸಿ ಹೇಳಬೇಡಿ.

ಜನವರಿ ಎಂದರೆ ಅಲ್ಲಿ ಈಶಾನ್ಯ ಮಾರುತದ ಕಾಲ. ಆಕಾಶ ಶುಭ್ರ, ಸಮುದ್ರ ಶಾಂತ. ಆಗ ಸೆಳೆತ ಪೂರ್ವದಿಂದ ಪಶ್ಚಿಮಕ್ಕಿರುತ್ತದೆ. ಪೂರ್ವದ ಅಂಚಿನಿಂದ ತಿಳಿಯಾದ ಸಾಗರದ ನೀರು ಒಳಬರುತ್ತದೆ. ಅಟಾಲ್ ದಾಟಿ ಪಶ್ಚಿಮದಿಂದ ಹೊರಹೋಗುವ ನೀರಿನಲ್ಲಿ ತೇಲಾಡುವ ಸಣ್ಣ ಜೀವಿಗಳ ರಾಶಿಯಾದ ಪ್ಲವಕ ತುಂಬಿರುತ್ತದೆ. ಪ್ಲವಕವೇ ಮಾಂಟಾದ ಆಹಾರ. ಆದ್ದರಿಂದ ಜನವರಿಯಲ್ಲಿ ಮಾಂಟಾಗಳನ್ನು ಅಟಾಲ್‌ಗಳ ಪಶ್ಚಿಮ ಬದಿಯಲ್ಲಿ ಹುಡುಕಬೇಕು, ನೈಋತ್ಯ ಮಾರುತ ಬೀಸುವಾಗ ಪೂರ್ವ ಬದಿಯಲ್ಲಿ. ಇದರಿಂದ ಛಾಯಾಗ್ರಾಹಕನಿಗೆ ಒಂದು ಇಕ್ಕಟ್ಟು ಹುಟ್ಟುತ್ತದೆ. ಮಾಂಟಾ ಇರುವಲ್ಲಿ ನೀರು ತಿಳಿಯಾಗಿರುವುದಿಲ್ಲ, ನೀರು ತಿಳಿಯಿರುವಲ್ಲಿ ಮಾಂಟಾ ಅಪರೂಪ. ಪ್ರಸಿದ್ಧವಾದ ಹನಿಫಾರು ಕೊಲ್ಲಿಯ ಚಿತ್ರಗಳನ್ನು ನೀವು ನೋಡಿರಬಹುದು. ಯುನೆಸ್ಕೋ 2011ರಲ್ಲಿ ಜೀವಗೋಳ ಮೀಸಲು ಎಂದು ಗುರುತಿಸಿದ ಬಾ ಅಟಾಲ್‌ನಲ್ಲಿ ಅದಿದೆ. ಅದರ ಕಾಲ ನೈಋತ್ಯ ಮಾರುತದ ತಿಂಗಳುಗಳು. ಅಲ್ಲಿ ಸ್ಕೂಬಾಕ್ಕೆ ಅನುಮತಿಯೂ ಇಲ್ಲ, ಸ್ನಾರ್ಕಲ್ (ಕೊಳವೆಯಿಂದ ಉಸಿರಾಡುತ್ತಾ ಮೇಲ್ಮೈಯಲ್ಲಿ ಈಜುವುದು) ಮಾತ್ರ. ಆ ಆಸೆಯನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳಿ.

ಮಾಂಟಾವನ್ನು ಅಟ್ಟಿಸಿಕೊಂಡು ಹೋಗಿ ತೆಗೆದ ಒಳ್ಳೆಯ ಚಿತ್ರವನ್ನು ನಾನು ಈವರೆಗೆ ಕಂಡಿಲ್ಲ. ಸಿಗುವುದು ಬರೀ ಬಾಲ. ಮಾಂಟಾಗಳು ಮೈ ಶುಚಿ ಮಾಡಿಸಿಕೊಳ್ಳಲು ಬರುವ ಗೊತ್ತಾದ ಹವಳದ ಬಂಡೆಗಳಿವೆ. ಅಲ್ಲಿ ಪುಟ್ಟ ಮೀನುಗಳು ಅವುಗಳ ಮೈಮೇಲಿನ ಪರಾವಲಂಬಿಗಳನ್ನು ಹೆಕ್ಕಿ ತಿನ್ನುತ್ತವೆ. ಬಂಡೆಯಿಂದ ದೂರದಲ್ಲಿ, ಬರಿ ಮರಳಿನ ಸನಿಹ ತಗ್ಗಿಕೊಂಡು ಕಾಯಬೇಕು. ಒಮ್ಮೆ ನಲವತ್ತು ನಿಮಿಷ ಹೀಗೆ ಕಾದು, ಇನ್ನು ಮೇಲೇರಬೇಕು ಎನ್ನುವಷ್ಟರಲ್ಲಿ ಮೂರು ಮಾಂಟಾಗಳು ಸಾಲಾಗಿ ಬಂದವು. ಒಂದು ನನ್ನ ತಲೆಯ ಮೇಲೆ ಎಷ್ಟು ತಗ್ಗಾಗಿ ಹಾದುಹೋಯಿತೆಂದರೆ ಹೊಟ್ಟೆಯ ಮಚ್ಚೆಗಳನ್ನು ಎಣಿಸಬಹುದಿತ್ತು. ಅಂಥ ಹೊತ್ತಿನಲ್ಲಿ ಒಮ್ಮೆಲೇ ಗುಳ್ಳೆಗಳ ಹೊಳೆ ಹರಿಸಬೇಡಿ, ಉಸಿರನ್ನು ಹಿಡಿಯಲೂ ಬೇಡಿ. ಸಣ್ಣಗೆ, ಎಡೆಬಿಡದೆ ಬಿಡುತ್ತಿರಿ. ಫ್ಲ್ಯಾಷ್ ಬೇಡ. ಮಾಂಟಾ ಕಪ್ಪು ಬಿಳುಪಿನ ಪ್ರಾಣಿ, ನೀಲಿಯಿಂದ ಅದಕ್ಕೆ ನಷ್ಟವೇನೂ ಇಲ್ಲ. ಕೆಳಗಿನಿಂದ ಮೇಲ್ಮೈಯ ಬೆಳಕಿಗೆ ಎದುರಾಗಿ ತೆಗೆದು, ಬೇಕಾದರೆ ಕಪ್ಪು ಬಿಳುಪಿಗೆ ಬದಲಿಸಿಕೊಳ್ಳಿ.

ಹೊಟ್ಟೆಯ ಮೇಲಿನ ಆ ಮಚ್ಚೆಗಳು ಪ್ರತಿ ಮಾಂಟಾಕ್ಕೂ ಬೇರೆ ಬೇರೆ, ನಮ್ಮ ಬೆರಳಚ್ಚಿನ ಹಾಗೆ. ಮಾಂಟಾ ಟ್ರಸ್ಟ್ ಎಂಬ ಸಂಸ್ಥೆ ಡೈವರ್‌ಗಳು ಕಳುಹಿಸುವ ಹೊಟ್ಟೆಯ ಚಿತ್ರಗಳಿಂದಲೇ ಒಂದೊಂದು ಪ್ರಾಣಿಯನ್ನೂ ಗುರುತಿಸಿ ದಾಖಲೆ ಇಡುತ್ತದೆ. ನಿಮ್ಮ ಚಿತ್ರ ಮಸುಕಾಗಿದ್ದರೂ ಮಚ್ಚೆ ಕಾಣುವಂತಿದ್ದರೆ ದಿನಾಂಕ, ಜಾಗದ ಸಮೇತ ಕಳುಹಿಸಿ. ನಾನು ತೆಗೆದ ಒಂದು ಸಾಧಾರಣ ಚಿತ್ರದಿಂದ ಆ ಮಾಂಟಾವನ್ನು ಅವರು ಗುರುತಿಸಿದ ದಿನ, ಅದು ನನ್ನ ಅತ್ಯುತ್ತಮ ಚಿತ್ರಕ್ಕಿಂತ ಹೆಚ್ಚಿನದಾಯಿತು ಎನ್ನಿಸಿತು.

ತಿಮಿಂಗಿಲ ಶಾರ್ಕ್‌ಗಳು ದಕ್ಷಿಣ ಅರಿ ಅಟಾಲ್‌ನ ಹೊರ ಅಂಚಿನಲ್ಲಿ ವರ್ಷವಿಡೀ ಕಾಣಸಿಗುತ್ತವೆ, ಹೆಚ್ಚಿನವು ಇನ್ನೂ ಪ್ರಾಯಕ್ಕೆ ಬಾರದ ಗಂಡುಗಳು. ಆ ಪ್ರದೇಶ 2009ರಿಂದ ಸಂರಕ್ಷಿತ. ಮೈಯಿಂದ 3 ಮೀಟರ್, ಬಾಲದಿಂದ 4 ಮೀಟರ್ ದೂರವಿರಬೇಕು, ಮುಟ್ಟಬಾರದು, ಫ್ಲ್ಯಾಷ್ ಹಾಕಬಾರದು. ಸಾಮಾನ್ಯವಾಗಿ ಮೇಲ್ಮೈಯ ಹತ್ತಿರವೇ ಈಜುವುದರಿಂದ ಸ್ನಾರ್ಕಲ್ ಮಾಡುತ್ತಲೇ ಚಿತ್ರ ತೆಗೆಯಬಹುದು, ಅಷ್ಟು ಕಡಿಮೆ ಆಳದಲ್ಲಿ ಬಣ್ಣವೂ ಉಳಿದಿರುತ್ತದೆ. ಆದರೆ ಹಲವು ದೋಣಿಗಳು ಒಂದೇ ಪ್ರಾಣಿಯನ್ನು ಸುತ್ತುವರಿದಿದ್ದರೆ ನೀವು ನೀರಿಗೆ ಇಳಿಯಬೇಡಿ. ಆ ಗುಂಪಿನ ನಡುವಿನಿಂದ ಬಂದ ಚಿತ್ರವನ್ನು ನೋಡಿದಾಗಲೆಲ್ಲ ನನಗೆ ನೋವಾಗುತ್ತದೆ.

ನಿಮಗೆ ನಾನು ಮನಸಾರೆ ಸೂಚಿಸುವ ವಸ್ತು ಬೇರೆಯದೇ. ಮಾಲ್ಡೀವ್ಸ್ ಮತ್ತು ಶ್ರೀಲಂಕಾದ ನೀರಿನಲ್ಲಿ ಇರುವ ಒಂದು ಕ್ಲೌನ್ ಮೀನು ಇದೆ. ಕಿತ್ತಳೆ ಮೈ, ಕೆನ್ನೆಯ ಹಿಂದೆ ಒಂದೇ ಬಿಳಿ ಪಟ್ಟಿ, ಹೊಟ್ಟೆಯ ಕೆಳಗಿನ ರೆಕ್ಕೆಗಳು ಕಪ್ಪು. ಸಮುದ್ರಹೂವಿನ ಬಳುಕುವ ಎಳೆಗಳ ನಡುವೆ ಅದರ ಮನೆ. ಅದು ನಿಮ್ಮನ್ನು ಬಿಟ್ಟು ಓಡುವುದಿಲ್ಲ, ನೀವು ಅದನ್ನು ಹುಡುಕುತ್ತಾ ಆಳಕ್ಕೆ ಇಳಿಯಬೇಕಾಗಿಯೂ ಇಲ್ಲ. ಎಂಟು ಹತ್ತು ಮೀಟರ್‌ನಲ್ಲಿ ಒಂದು ಸಮುದ್ರಹೂವನ್ನು ಗೊತ್ತುಮಾಡಿಕೊಂಡು ಇಡೀ ಡೈವ್ ಅಲ್ಲೇ ಕಳೆಯಿರಿ. ಮೊದಲ ಐದು ನಿಮಿಷ ಅದು ಅಡಗುತ್ತದೆ. ನೀವು ಅಲುಗದೆ ಇದ್ದರೆ ಹೊರಬಂದು ನಿಮ್ಮನ್ನೇ ನೋಡುತ್ತದೆ. ಅದರ ಚಲನೆಯಲ್ಲಿ ಒಂದು ಲಯವಿದೆ, ಅದೇ ಜಾಗಕ್ಕೆ ಮತ್ತೆ ಮತ್ತೆ ಬರುತ್ತದೆ. ಕಣ್ಣಿಗೆ ಫೋಕಸ್ ಇಟ್ಟು ಕಾಯಿರಿ. ಚಿತ್ರಕ್ಕೆ ಬೇಕಾದ ವಿದ್ಯೆಯೆಲ್ಲ ಆ ಒಂದು ಮೀನು ಕಲಿಸುತ್ತದೆ. ಮೊದಲ ಎರಡು ದಿನ ಮಾತ್ರ ಕ್ಯಾಮೆರಾವನ್ನು ಕೋಣೆಯಲ್ಲೇ ಬಿಟ್ಟು ಬರಿಗೈಯಲ್ಲಿ ಡೈವ್ ಮಾಡಿ. ಹೆಂಡತಿಯವರೂ ಡೈವ್ ಮಾಡುವವರಾದರೆ, ನಿಮ್ಮ ಜೊತೆಗಾರ್ತಿಯಾಗಿ ಅವರು ಒಂದೇ ಮೀನಿನ ಮುಂದೆ ಅರ್ಧ ಗಂಟೆ ಕಾಯಲು ಒಪ್ಪುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ. ಒಪ್ಪದಿದ್ದರೆ ಆ ಡೈವ್‌ಗೆ ಪ್ರತ್ಯೇಕ ಮಾರ್ಗದರ್ಶಿಯನ್ನು ಗೊತ್ತುಮಾಡಿಕೊಳ್ಳುವುದು ಎಲ್ಲರಿಗೂ ಒಳ್ಳೆಯದು.

ಹವಳದ ಬಗ್ಗೆ ಒಂದು ಬೇಡಿಕೆ. 1998ರಲ್ಲಿ, ಮತ್ತೆ 2016ರಲ್ಲಿ ಸಮುದ್ರ ಬಿಸಿಯೇರಿ ಮಾಲ್ಡೀವ್ಸ್‌ನ ಹವಳಗಳು ದೊಡ್ಡ ಪ್ರಮಾಣದಲ್ಲಿ ಬಿಳುಚಿದವು. ಜಗತ್ತಿನ ನಾಲ್ಕನೇ ವ್ಯಾಪಕ ಬಿಳುಚುವಿಕೆ ನಡೆಯುತ್ತಿದೆ ಎಂದು 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಘೋಷಿಸಿದರು. ಬಂಡೆಯಂಥ ಹವಳ ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್. ಇಂಥ ಪೆಟ್ಟು ತಿಂದು ಚೇತರಿಸಿಕೊಳ್ಳುತ್ತಿರುವ ದಿಬ್ಬದ ಮೇಲೆ ಚಿತ್ರಕ್ಕಾಗಿ ಮೊಣಕೈ ಊರುವುದು ಬೇಡ. ಒಂದು ಬೆರಳು ಊರಿ ನಿಲ್ಲಲೇಬೇಕಾದರೆ ಸತ್ತ ಬಂಡೆಯನ್ನೋ ಮರಳನ್ನೋ ಆರಿಸಿ. ಅಡಗಿ ಕುಳಿತ ಜೀವಿಯನ್ನು ಹೊರಗೆಳೆದು ತೋರಿಸುವ ಮಾರ್ಗದರ್ಶಿ ಸಿಕ್ಕರೆ ಬೇಡವೆಂದು ಕೈಸನ್ನೆ ಮಾಡಿ. ಆ ಚಿತ್ರವನ್ನು ತೆಗೆಯಬೇಡಿ.

ಕ್ಯಾಮೆರಾದ ಆರೈಕೆ ಸಣ್ಣ ಕೆಲಸವೆನಿಸಿದರೂ ಪ್ರಾಣ ಅಲ್ಲಿಯೇ ಇದೆ. ಹೌಸಿಂಗ್‌ನ ಬಾಗಿಲಲ್ಲಿರುವ ರಬ್ಬರ್ ಬಳೆಗೆ ಒ-ರಿಂಗ್ ಎನ್ನುತ್ತಾರೆ. ಒಂದು ಕೂದಲು ಅಥವಾ ಒಂದು ಮರಳಿನ ಕಣ ಅದರ ಮೇಲೆ ಕೂತರೆ ನೀರು ಒಳನುಗ್ಗುತ್ತದೆ. ನನ್ನ ಒಂದು ಕ್ಯಾಮೆರಾ ಹೀಗೆಯೇ ಹೋಯಿತು, ಟವೆಲಿನ ಒಂದೇ ಎಳೆಯಿಂದ. ಖಾಲಿ ಹೌಸಿಂಗ್‌ನೊಳಗೆ ಟಿಶ್ಯೂ ಕಾಗದ ಇಟ್ಟು ಮೊದಲು ಬಕೆಟ್‌ನಲ್ಲಿ, ಆಮೇಲೆ ಒಂದು ಡೈವ್‌ನಲ್ಲಿ ಪರೀಕ್ಷಿಸಿ. ಮುಚ್ಚುವ ಕೆಲಸವನ್ನು ದೋಣಿಯಲ್ಲಿ ಅವಸರದಿಂದ ಮಾಡಬೇಡಿ. ಹಿಂದಿನ ರಾತ್ರಿ ಎಸಿ ಇರುವ ಕೋಣೆಯಲ್ಲಿ ಮಾಡಿದರೆ ಒಳಗೆ ಒಣ ಗಾಳಿ ಸೇರಿ ಗಾಜು ಮಂಜಾಗುವುದಿಲ್ಲ. ಜೊತೆಗೆ ಸಿಲಿಕಾ ಜೆಲ್‌ನ ಪೊಟ್ಟಣವೊಂದಿರಲಿ. ಡೈವ್ ಮುಗಿದ ಕೂಡಲೆ ಸಿಹಿನೀರಿನಲ್ಲಿ ನೆನೆಸಿ, ಗುಂಡಿಗಳನ್ನೆಲ್ಲ ಒತ್ತಿ ಉಪ್ಪು ಬಿಡಿಸಿ, ಬಿಸಿಲಿನಲ್ಲಿ ಒಣಗಿಸಬೇಡಿ. ಲಿಥಿಯಂ ಬ್ಯಾಟರಿಗಳು ವಿಮಾನದಲ್ಲಿ ಕೈಚೀಲದಲ್ಲೇ ಇರಬೇಕು. ಸೀಪ್ಲೇನ್ ಹತ್ತುವವರಾದರೆ ತೂಕದ ಮಿತಿ ಬಿಗಿಯಾಗಿರುತ್ತದೆ, ವಿಚಾರಿಸಿಕೊಳ್ಳಿ.

ಕೊನೆಯ ದಿನವನ್ನು ಡೈವ್ ಇಲ್ಲದೆ ಖಾಲಿ ಇಡಿ. ಡೈವರ್‌ಗಳ ಸುರಕ್ಷತೆಗಾಗಿ ಇರುವ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಹೇಳುವಂತೆ ಹಲವು ದಿನ ಡೈವ್ ಮಾಡಿದವರು ವಿಮಾನ ಹತ್ತುವ ಮುನ್ನ ಕನಿಷ್ಠ 18 ಗಂಟೆ ಕಾಯಬೇಕು. ನಾನು 24 ಗಂಟೆ ಬಿಡುತ್ತೇನೆ. ಆ ದಿನ ಕ್ಯಾಮೆರಾ ಹಿಡಿದು ದ್ವೀಪದ ತಗ್ಗು ನೀರಿನಲ್ಲಿ, ಸೊಂಟದ ಆಳದಲ್ಲಿ ಸ್ನಾರ್ಕಲ್ ಮಾಡಿ. ಬೆಳಗಿನ ಹೊತ್ತು ಮೊಳದುದ್ದದ ಕಪ್ಪುರೆಕ್ಕೆ ಶಾರ್ಕ್ ಮರಿಗಳು ಅಲ್ಲಿಗೆ ಬರುತ್ತವೆ. ಮರಳಿನ ಮೇಲೆ ಬಿಸಿಲಿನ ಬಲೆ ಆಡುತ್ತಿರುತ್ತದೆ, ಕೆಂಪು ಇನ್ನೂ ನೀರಿನಲ್ಲಿ ಉಳಿದಿರುತ್ತದೆ, ಫಿಲ್ಟರೂ ಬೇಡ, ಫ್ಲ್ಯಾಷೂ ಬೇಡ. ಮಂಡಿಯೂರಿ ಅಲುಗದೆ ಕುಳಿತುಕೊಳ್ಳಿ. ಎರಡು ಮೂರು ಸುತ್ತು ದೂರದಿಂದ ಹಾದು, ನಾಲ್ಕನೇ ಸುತ್ತಿಗೆ ಅವು ಹತ್ತಿರ ಬರುತ್ತವೆ.